ಸಿಮೆಂಟಿನ ಹಿರೇರು

ಜಮಖಂಡಿ ರೋಡಿನ ಪಾರ್ಕಿನ್ಯಾಗ ನಾನು ವಾಚ್‌ಮನ್. ಆಗಷ್ಟ ಅಲ್ಲಿ ‘ಹಳೇ ಹಳ್ಳಿ’ ಅಂತ ಹೊಸಾ ಭಾಗ ತೆರದಿದ್ರು. ಸಿಮೆಂಟಿನ ಮನಿ, ಸಿಮೆಂಟಿನ ಎತ್ತು, ಕಡೀಕ ಹೊರಗ ಹೋಗೂ ಹಾದಿ ಬಾಜೂಕ ಒಂದು ಕಟ್ಟಿ. ಕಟ್ಟಿ ಮ್ಯಾಲ ರುಮಾಲು ಸುತ್ತಿದ ಸಿಮೆಂಟಿನ ಹಿರೇರು ಹರಟಿ ಹೊಡಕೋತ ಕುಂತಂಗ ಮಾಡಿದ್ರು.

ಒಂದಿನ ಸಂಜಿಕೆ ಸೀಟಿ ಊದಿ ಎಲ್ಲಾರನ್ನೂ ಹೊರಗ ಕಳಿಸಿದ್ದೆ. ಬೀಳಗಿ ಕಡೀಂದ ಬಂದ ಅಜ್ಜಿ ಒಬ್ಬಾಕಿ ಮಾತ್ರ ಕಟ್ಟಿ ಈಚೆ ನಿಂತುಬಿಟ್ಟಿದ್ಲು. ಹೊರಗ ಆಕಿ ಮನಿಯವರು ಕುಂತ ಟೆಂಪೋ ಹಾರ್ನ್ ಹೊಡ್ಯಾಕತ್ತಿತ್ತು.

“ನಡಿ ಬೇ ಯವ್ವಾ, ಬಾಗಲಾ ಹಾಕೋ ಹೊತ್ತಾತು,” ಅಂದೆ.

“ಹಿಂದ ಓಣಿ ಇಲ್ಲೇನೋ ತಮ್ಮಾ? ಕಟ್ಟಿ ಮ್ಯಾಲ ಹಿರೇರು ಕುಂತಾರ, ಅವರ ಮುಂದ ಹೆಂಗ ಹಾಯೂದು?”

ನನಗ ನಗು ತಡೀಲಿಲ್ಲ. “ಅವು ಸಿಮೆಂಟಿನ ಗೊಂಬಿ ಬೇ!”

“ನನಗೇನು ಕಣ್ಣು ಕಾಣಂಗಿಲ್ಲೇನು? ಸಿಮೆಂಟು ಅಂತ ಗೊತ್ತೈತಿ. ಕಾಲು ಕೇಳವಲ್ವು,” ಅಂದ್ಲು. “ನಮ್ಮೂರು ಡ್ಯಾಮಿನ ಹಿನ್ನೀರಾಗ ಹೋತು. ಹೊಸಾ ಊರಾಗ ರೋಡು ಅದಾವು, ಕಟ್ಟಿ ಇಲ್ಲ. ಹಿರೇರ ಮುಂದ ಚಪ್ಪಲಿ ಕೈಯಾಗ ಹಿಡದು ಹಾದು ಎಷ್ಟ ವರ್ಷಾತೋ.”

ಹಿಂದ ಓಣಿ ಇರಲಿಲ್ಲ, ಬರೇ ತಂತಿ ಬೇಲಿ. ಆಕಿ ಚಪ್ಪಲಿ ಕಳದು ಕೈಯಾಗ ಹಿಡದ್ಲು, ತಲಿ ತುಂಬ ಸೆರಗು ಹೊತಗೊಂಡ್ಲು, ಕೆಳಗ ನೋಡಕೋತ ಕಟ್ಟಿ ದಾಟಿದ್ಲು. ಚಪ್ಪಲಿ ಮತ್ತ ಮೆಟ್ಟಿದ್ದು ಟೆಂಪೋ ಹತ್ತೂ ಮುಂದನ.

ಈಗ ದಿನಾ ಸಂಜಿಕೆ ಲೈಟ್ ಆರಿಸಾಕ ಅದ ಕಟ್ಟಿ ಮುಂದ ಹೋಗತೇನಿ. ಬಾಯಾಗಿನ ಬೀಡಿ ತಾನ ಬೆನ್ನ ಹಿಂದ ಹೋಗತೈತಿ. ಖರೆ ಹೇಳಬೇಕಂದ್ರ, ಮ್ಯಾನೇಜರ್ ಸಾಹೇಬ್ರು ಎದುರು ಬಂದಾಗ ಸುದ್ದಾ ನಾನು ಬೀಡಿ ಮುಚ್ಚಿಟ್ಟಾಂವಲ್ಲ.