ಟೀಚರು ಕೇಳಿಸಿದ ಹಾಡುಗಳು

ಕಳೆದ ತಿಂಗಳು ಜಿರಳೆ ಔಷಧಿ ಹೊಡೆಸಲೆಂದು ಬೀರುವಿನ ಮೇಲಿದ್ದ ಸೂಟ್‌ಕೇಸುಗಳನ್ನೆಲ್ಲ ಕೆಳಗಿಳಿಸಿದೆ. ಗೋಡೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕಾಗದದ ಸುರುಳಿಯೊಂದು ಜಾರಿ ನೆಲಕ್ಕೆ ಬಿತ್ತು. ಮುಟ್ಟಿದ ಕೂಡಲೇ ರಬ್ಬರ್ ಬ್ಯಾಂಡು ಪುಡಿಯಾಯಿತು. ಬಿಡಿಸಿದರೆ ನುಸಿಗುಳಿಗೆಯ ವಾಸನೆ, ಅಂಚಿನಲ್ಲೆಲ್ಲ ಹುಳ ತಿಂದ ತೂತು... ಒಳಗೆ ಕೆಂಪು, ನೀಲಿ, ಮಾಸಲು ಬಿಳಿಯ ಚೌಕಗಳು. ಅಮೆರಿಕದ ಕಪ್ಪು ಹೆಂಗಸೊಬ್ಬಳು ಹಳೇ ಬಟ್ಟೆ ಕತ್ತರಿಸಿ ಹೊಲಿದ ಕೌದಿಯ ಚಿತ್ರ. ಕೆಳಗಿನ ಮನೆಯ ಟೀಚರು ನನಗೆ ನೋಡಲು ಕೊಟ್ಟದ್ದು. ನಾನು ವಾಪಸು ಕೊಟ್ಟಿರಲೇ ಇಲ್ಲ.

ನನ್ನವರ ಟೆಲಿಕಾಂ ಕಂಪನಿ ಎರಡು ವರ್ಷಕ್ಕೆಂದು ನಮ್ಮನ್ನು ಮೈಸೂರಿನಿಂದ ನೈರೋಬಿಗೆ ಕಳಿಸಿತ್ತು. ಈಗ ಹದಿಮೂರು ವರ್ಷ. ಮೊದಲು ಹೈರಿಡ್ಜ್ ಬಡಾವಣೆಯ ಮೂರು ಮಹಡಿಯ ಕಟ್ಟಡವೊಂದರಲ್ಲಿದ್ದೆವು. ನಮ್ಮ ಕೆಳಗಿನ ಮನೆಯಲ್ಲಿ ಟೀಚರು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಮದುವೆಯಾದವರಲ್ಲ. ಇಲ್ಲಿನ ಶಾಲೆಯೊಂದರಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಂಗೀತ ಕಲಿಸಿ ನಿವೃತ್ತರಾಗಿದ್ದರು. ತಮ್ಮವರ ಜೊತೆ ಕೊಂಕಣಿ, ನನ್ನ ಜೊತೆ ಮಂಗಳೂರು ಕನ್ನಡ.

ಅವರ ಪರಿಚಯವಾದದ್ದು ನಾನು ಜಗಳಕ್ಕೆ ಹೋದಾಗ. ಮಧ್ಯಾಹ್ನ ಮಗಳು ಮಲಗುವ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ತುತ್ತೂರಿಯ ಸದ್ದು ಬರುತ್ತಿತ್ತು. ಅವಳಿಗಾಗ ಎರಡು ವರ್ಷ. ಮೂರನೇ ದಿನ ತಾಳ್ಮೆಗೆಟ್ಟು, ಅಳುವ ಮಗುವನ್ನು ಎತ್ತಿಕೊಂಡೇ ಇಳಿದು ಬಾಗಿಲು ಬಡಿದೆ. ಟೀಚರು ಮಗುವನ್ನು ನೋಡಿದರು.

"ಮಲಗ್ಲಿಲ್ವಾ? ಒಳಗೆ ಬಾ ಮಾರಾಯ್ತಿ. ಮೇಲೆ ಬರೀ ಗಲಾಟೆ ಕೇಳ್ತದೆ. ಇಲ್ಲಿ ಪೂರ್ತಿ ಕೇಳಿದ್ರೆ ಮಲಗ್ತದೆ."

ನಿಜಕ್ಕೂ ಮಲಗಿತು. ನಾನೂ ಕೂತೆ. ಆಮೇಲೆ ದಿನಾ ಮಧ್ಯಾಹ್ನ ಕೂರುತ್ತಾ ಹೋದೆ.

ಅವರ ಹಾಲಿನ ಒಂದು ಗೋಡೆಯುದ್ದಕ್ಕೂ ಗ್ರಾಮಫೋನ್ ರೆಕಾರ್ಡುಗಳು. ಶಾಲೆಯಲ್ಲಿ ಅವರ ಜೊತೆ ಎರಡು ವರ್ಷ ಕೆಲಸ ಮಾಡಿದ ಅಮೆರಿಕದ ಕಪ್ಪು ಶಿಕ್ಷಕಿಯೊಬ್ಬರು ಊರಿಗೆ ಮರಳುವಾಗ ಬಿಟ್ಟುಹೋದವು ಕೆಲವು. ಉಳಿದವು ಟೀಚರು ಒಂದೊಂದಾಗಿ ಕೂಡಿಸಿದವು. ಹತ್ತಿಯ ಹೊಲಗಳಲ್ಲಿ ಗುಲಾಮರಾಗಿ ದುಡಿದವರ ಪ್ರಾರ್ಥನೆಗಳು, ಗಿಟಾರಿನ ಮೇಲೆ ಒಬ್ಬನೇ ಗೊಣಗುವ ಮುದುಕರು, ಇಡೀ ಚರ್ಚೇ ಎದ್ದು ನಿಂತು ಹಾಡಿದಂಥವು. ಇನ್ನೊಂದು ಗೋಡೆಗೆ ಚಿತ್ರಗಳು: ಇಸ್ತ್ರಿ ಹಾಕುವ ಹೆಂಗಸು, ರೈಲಿಗೆ ಕಾಯುವ ಗಂಟುಮೂಟೆಯ ಜನ, ನೀಲಿ ಕೋಣೆಯಲ್ಲಿ ಪಿಯಾನೋ ಮುಂದೆ ಬಗ್ಗಿ ಕೂತ ಹುಡುಗಿ.

ನನಗೆ ಏನೂ ಗೊತ್ತಿರಲಿಲ್ಲ. ಮೊದಲ ದಿನ ಒಂದು ಹಾಡು ಕೇಳಿ, "ಅಳೋ ಥರ ಇದೆ ಟೀಚರ್" ಎಂದಿದ್ದೆ.

"ಹಾಗಾದ್ರೆ ಪುನಃ ಕೇಳು. ಸ್ವರ ಬಿಟ್ಹಾಕು, ಅವಳು ಉಸಿರು ತೆಗೆದುಕೊಳ್ಳುವ ಜಾಗ ಮಾತ್ರ ಕೇಳು. ಅಳುವವರಿಗೆ ಉಸಿರು ಹಾಗೆ ಹಿಡಿಯಲಿಕ್ಕೆ ಬರ್ತದಾ?"

ಕೇಳಿದೆ. ಎರಡನೇ ಸಾಲಿನ ನಡುವೆ, ಯಾರೂ ನಿಲ್ಲದ ಕಡೆ ಅವಳು ನಿಲ್ಲುತ್ತಿದ್ದಳು. ಪಕ್ಕವಾದ್ಯವೆಲ್ಲ ಅವಳಿಗಾಗಿ ಕಾಯುತ್ತಿತ್ತು. ತನಗೆ ಬೇಕಾದಾಗ ಮಾತ್ರ ಮುಂದಿನ ಪದವನ್ನು ಎತ್ತಿಕೊಳ್ಳುತ್ತಿದ್ದಳು. ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಏಳು ವರ್ಷ ಸಂಗೀತ ಕಲಿತಿದ್ದೆ. ಕೇಳುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಕೌದಿಯ ಚಿತ್ರ ತೋರಿಸಿದ ದಿನ ನಾನು ಖುಷಿಯಿಂದ, "ಧಾರವಾಡದಲ್ಲಿ ನಮ್ಮಜ್ಜೀನೂ ಹಿಂಗೇ ಹೊಲೀತಿದ್ರು" ಅಂದೆ.

"ಅಜ್ಜಿಯ ಹೆಸರು ಅದರ ಮೇಲೆ ಎಲ್ಲಿಯಾದ್ರೂ ಉಂಟಾ?"

"ಕೌದಿ ಮೇಲೆ ಯಾರು ಹೆಸರು ಹಾಕ್ತಾರೆ ಟೀಚರ್?"

"ಇವಳದ್ದೂ ಹಾಗೇ. ಯಾರೂ ಬರ್ದಿಡ್ಲಿಲ್ಲ." ಚಿತ್ರ ಸುತ್ತಿ ನನ್ನ ಕೈಗೆ ಕೊಟ್ಟರು. "ತಗೊಂಡು ಹೋಗು. ಕೆಂಪು ಎಲ್ಲೆಲ್ಲಿ ಇಟ್ಟಿದ್ದಾಳೆ ನೋಡು. ಬಟ್ಟೆ ಸಾಲದೆ ಇಟ್ಟದ್ದಲ್ಲ ಅದು."

ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಟೀಚರಿಗೆ ಅಡುಗೆ ಮಾಡಿ, ಬಟ್ಟೆ ಒಗೆದುಕೊಡುತ್ತಿದ್ದ ಐವತ್ತರ ಆಸುಪಾಸಿನ ಹೆಂಗಸು. ಇಲ್ಲಿ ಅಂಥವರನ್ನೆಲ್ಲ 'ಮಾಮಾ' ಎನ್ನುವುದು ರೂಢಿ. ಸ್ವಾಹಿಲಿಯಲ್ಲಿ ತಾಯಿ ಎಂದು ಅರ್ಥ. ಕೆಲಸ ಮುಗಿದ ಮೇಲೆ ಮಾಮಾ ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ, ಟೀಚರ ಪಕ್ಕದಲ್ಲಿ ಅದೇ ಸೋಫಾದ ಮೇಲೆ ಕೂತು ಹಾಡು ಕೇಳುತ್ತಿದ್ದರು. ಮೊದಮೊದಲು ನನಗೆ ಇರುಸುಮುರುಸಾಗುತ್ತಿತ್ತು. ನಮ್ಮ ಮನೆಯಲ್ಲಿ ಕೆಲಸದವಳಿಗೆ ಬೇರೆ ಲೋಟ ಇತ್ತು, ಅಡುಗೆಮನೆಯಲ್ಲೊಂದು ಸ್ಟೂಲು ಇತ್ತು. ಮಾಮಾ ತಮ್ಮ ಚರ್ಚಿನ ಗಾಯನ ತಂಡದಲ್ಲಿ ಕೆಳದನಿಯ ಸಾಲು ಹಾಡುವವರು. ರೆಕಾರ್ಡಿನ ಜೊತೆ ಗುನುಗಿದರೆ ನೆಲದಡಿಯಿಂದ ಬಂದಂತೆ ಇರುತ್ತಿತ್ತು ಆ ದನಿ...

ಆ ವರ್ಷ ನಮ್ಮ ಕನ್ನಡಿಗರ ವಾರ್ಷಿಕ ಕಾರ್ಯಕ್ರಮದ ಸಮಿತಿಯಲ್ಲಿ ನಾನಿದ್ದೆ. ಟೀಚರಿಗೆ ಅರ್ಧ ಗಂಟೆ ಕೊಡೋಣ ಎಂದು ನಾನೇ ಹೇಳಿದ್ದು. ಅಮೆರಿಕದ ಕಪ್ಪು ಕಲಾವಿದರ ನಾಲ್ಕು ಚಿತ್ರ, ಮೂರು ರೆಕಾರ್ಡು, ಕೊನೆಗೆ ಮಾಮಾ ಹಾಡುವ ಒಂದು ಹಳೆಯ ಪ್ರಾರ್ಥನೆ. "ನಮ್ಮ ಪ್ರೋಗ್ರಾಮಿನಲ್ಲಿ ಇದ್ಯಾಕೆ?" ಎಂದು ಒಂದಿಬ್ಬರು ಗೊಣಗಿದರೂ ಊಟಕ್ಕೆ ಮುಂಚೆ ಹದಿನೈದು ನಿಮಿಷ ಸಿಕ್ಕಿತು. ಅಷ್ಟಕ್ಕೇ ಟೀಚರು ಹುಡುಗಿಯ ಹಾಗೆ ಸಂಭ್ರಮಪಟ್ಟರು. ಆರು ವಾರ ಮಧ್ಯಾಹ್ನವೆಲ್ಲ ಇಬ್ಬರೂ ಅಭ್ಯಾಸ ಮಾಡಿದರು. ಒಂದು ದಿನ ಮಾಮಾ ಪೂರ್ತಿ ಹಾಡಿ ಮುಗಿಸಿದಾಗ ಟೀಚರು ಎದ್ದು ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. ನನ್ನ ಮಗಳು ಮಲಗಿದ್ದವಳು ಎದ್ದು ಸುಮ್ಮನೆ ನೋಡುತ್ತಿದ್ದಳು.

ಕಾರ್ಯಕ್ರಮದ ದಿನ ಬೆಳಿಗ್ಗೆಯೇ ಟೀಚರು ಹಾಲಿಗೆ ಬಂದು ವೇದಿಕೆಯ ಮೇಲೆ ರೆಕಾರ್ಡ್ ಪ್ಲೇಯರು ಜೋಡಿಸುತ್ತಿದ್ದರು. ನಾನು ಬಾಗಿಲಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷರ ಹೆಂಡತಿ. ಅಧ್ಯಕ್ಷರೆಂದರೆ ನನ್ನವರ ಬಾಸ್. ಹನ್ನೊಂದರ ಹೊತ್ತಿಗೆ ಮಾಮಾ ಮಟಾಟು ಎನ್ನುವ ಬಾಡಿಗೆ ವ್ಯಾನಿನಿಂದ ಇಳಿದು ನಡೆದು ಬಂದರು. ಚರ್ಚಿನ ಗಾಯಕರು ತೊಡುವ ನೇರಳೆ ಬಣ್ಣದ ಉದ್ದನೆಯ ಅಂಗಿ, ಬಿಳಿ ಕಾಲರು. ನನ್ನನ್ನು ನೋಡಿ ನಕ್ಕರು. ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರ ಹೆಂಡತಿ ಕೈ ಅಡ್ಡ ಹಿಡಿದು, "ಮೇಡ್‌ಗಳಿಗೆಲ್ಲ ಹಿಂದುಗಡೆ. ಅಡುಗೆಮನೆ ಬಾಗಿಲು. ಬೇಗ ಹೋಗು, ತಟ್ಟೆ ತೊಳೆಯೋಕೆ ಜನ ಸಾಲದು" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಮಾಮಾ ನನ್ನತ್ತ ನೋಡಿದರು. ಎಷ್ಟು ಹೊತ್ತು ನೋಡಿದರೋ... ಇವರು ಇವತ್ತು ಹಾಡುವವರು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾನು ತಟ್ಟೆಯಲ್ಲಿದ್ದ ಕುಂಕುಮದ ಬಟ್ಟಲನ್ನು ಸರಿಮಾಡಿದೆ. "ಸವಾ," ಎಂದು ಮಾಮಾ ಮೆಲ್ಲಗೆ ಹೇಳಿ ಕಟ್ಟಡದ ಹಿಂದಕ್ಕೆ ಹೋದರು. ಇಲ್ಲಿ ಎಲ್ಲದಕ್ಕೂ ಅದೇ ಮಾತು. ಸರಿ ಎಂದರ್ಥ.

ಟೀಚರ ಸರದಿ ಬಂತು. ಚಿತ್ರಗಳನ್ನು ತೋರಿಸುವಾಗ ಜನ ಮಾತಾಡುತ್ತಿದ್ದರು, ಮಕ್ಕಳು ಓಡಾಡುತ್ತಿದ್ದವು. ಟೀಚರು ಲೆಕ್ಕಿಸಲಿಲ್ಲ. ಎರಡು ಹಾಡು ಕೇಳಿಸಿ, ಮೈಕಿನಲ್ಲಿ ಮಾಮಾ ಅವರನ್ನು ಕರೆದರು. ಯಾರೂ ಬರಲಿಲ್ಲ. ಮತ್ತೆ ಕರೆದರು. ಯಾರೋ ಓಡಿಹೋಗಿ ಅಡುಗೆಮನೆಯಿಂದ ಕರೆತಂದರು. ನೇರಳೆ ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು, ಮುಂಭಾಗ ಪೂರ್ತಿ ಒದ್ದೆ. ಕೈಯಲ್ಲಿ ಸೋಪಿನ ನೊರೆ.

ಟೀಚರು ಆ ಕೈಗಳನ್ನು ನೋಡಿದರು. ವೇದಿಕೆಯಿಂದ ಬಗ್ಗಿ, ಕೆಳಗೆ ನಿಂತಿದ್ದ ನನ್ನನ್ನು ಇಂಗ್ಲಿಷಿನಲ್ಲೇ ಕೇಳಿದರು: "ಅಲ್ಲಿಗೆ ಯಾರು ಕಳಿಸಿದ್ದು?"

"ಗೊತ್ತಿಲ್ಲ ಟೀಚರ್. ನಾನು ನೋಡ್ಲಿಲ್ಲ," ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ.

ಮಾಮಾ ಕೇಳಿಸಿಕೊಂಡರು.

ಟೀಚರು ನೆಟ್ಟಗೆ ನಿಂತು ಮೈಕು ಹಿಡಿದರು. "ಈ ಹಾಡುಗಾರರನ್ನು ಅವರ ದೇಶದಲ್ಲಿ ಹಿಂದಿನ ಬಾಗಿಲಿನಿಂದ ಒಳಗೆ ಬಿಡ್ತಿದ್ರು. ರಾಣಿಯರ ಹಾಗೆ ಹಾಡಿ, ಪುನಃ ಹಿಂದಿನ ಬಾಗಿಲಿನಿಂದ ಹೋಗ್ತಿದ್ರು. ಅದನ್ನು ನಿಮಗೆ ಹೇಳ್ಬೇಕು ಅಂತ ಬಂದಿದ್ದೆ. ಈಗ ಹೇಳುವ ಅಗತ್ಯ ಇಲ್ಲ."

ರೆಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು, ಮಾಮಾ ಅವರ ಒದ್ದೆ ಕೈ ಹಿಡಿದು, ಹಾಲಿನ ನಡುವೆಯೇ ನಡೆದು ಮುಂಬಾಗಿಲಿನಿಂದ ಹೊರಗೆ ಹೋದರು. ಮುಗಿಯಿತೆಂದುಕೊಂಡ ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮಕ್ಕಳ ಡಾನ್ಸು ಶುರುವಾಯಿತು.

ಒಂಬತ್ತು ದಿನ ನಾನು ಕೆಳಗಿಳಿಯಲಿಲ್ಲ. ಹತ್ತನೇ ದಿನ ಹೋಳಿಗೆ ಮಾಡಿ ಡಬ್ಬಿ ಹಿಡಿದು ಹೋದೆ. ಟೀಚರು ಬಾಗಿಲು ತೆರೆದರು. "ನೀವಾ? ಬನ್ನಿ, ಕೂತ್ಕೊಳ್ಳಿ" ಎಂದರು. ಅದುವರೆಗೆ ನನ್ನನ್ನು 'ನೀನು' ಎನ್ನುತ್ತಿದ್ದವರು. ಟೀ ಕೊಟ್ಟರು, ಮಗಳ ಕೆಮ್ಮಿನ ಬಗ್ಗೆ ವಿಚಾರಿಸಿದರು. ಹಾಡು ಹಾಕಲಿಲ್ಲ. ನಾನಾಗಿ ಕೇಳುವ ಧೈರ್ಯವೂ ಬರಲಿಲ್ಲ. ಆಮೇಲೆ ಎಷ್ಟೋ ಸಲ ಹೋದೆ. ಅದೇ ಟೀ, ಅದೇ 'ನೀವು'.

ಮಾಮಾ ಒಂದು ಸಲ ಮೆಟ್ಟಿಲಲ್ಲಿ ಸಿಕ್ಕಿದರು. ಕ್ಷಮೆ ಕೇಳಬೇಕೆಂದು ಮನಸ್ಸಿನಲ್ಲಿ ಸ್ವಾಹಿಲಿ ವಾಕ್ಯ ಜೋಡಿಸಿಕೊಂಡಿದ್ದೆ. ಅವರು ಬಟ್ಟೆಯ ಬಕೆಟ್ಟು ಪಕ್ಕಕ್ಕೆ ಹಿಡಿದು ನನಗೆ ದಾರಿ ಬಿಟ್ಟು, ಗೋಡೆಗೆ ಒತ್ತಿ ನಿಂತರು. ಮೊದಲು ಎಂದೂ ಹಾಗೆ ನಿಂತವರಲ್ಲ. ನಾನು ಆ ಬಿಟ್ಟ ದಾರಿಯಲ್ಲೇ ಮೇಲೆ ಹತ್ತಿ ಹೋದೆ. ಎರಡು ತಿಂಗಳಲ್ಲಿ ಅವರು ಕೆಲಸ ಬಿಟ್ಟರು. ಎಲ್ಲಿಗೆ ಹೋದರೆಂದು ಟೀಚರು ನನಗೆ ಹೇಳಲಿಲ್ಲ.

ಮರುವರ್ಷ ಟೀಚರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು. ಆಸ್ಪತ್ರೆಯಲ್ಲಿ ಅವರ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದೆ. ನಾನು ಬಾಗಿಲಲ್ಲಿದ್ದೆ, ನೋಡಿದೆ, ಸುಳ್ಳು ಹೇಳಿದೆ. ಅವರ ಕಣ್ಣು ತೆರೆದೇ ಇತ್ತು. ಕಿಟಕಿಯ ಕಡೆ ತಿರುಗಿತ್ತು. ಕೇಳಿಸಿತೋ ಇಲ್ಲವೋ... ನರ್ಸು ಬಂದು, ಹೊತ್ತಾಯಿತು ಎಂದಳು.

ಅವರ ಅಣ್ಣನ ಮಗ ಬಂದು ಅವರನ್ನು ಮಂಗಳೂರಿನ ಕಡೆ ಸಿಸ್ಟರುಗಳ ಆಶ್ರಮವೊಂದಕ್ಕೆ ಕರೆದೊಯ್ದ. ಹೋಗುವ ಮುಂಚೆ, "ಆಂಟಿ, ಈ ರೆಕಾರ್ಡುಗಳು ನಿಮಗೆ ಬೇಕಾ?" ಎಂದು ಕೇಳಿದ. ಜಾಗವಿಲ್ಲ ಎಂದೆ. ಜಾಗವಿತ್ತು. ಆ ಹಾಡುಗಳನ್ನು ಮನೆಯಲ್ಲಿಟ್ಟುಕೊಂಡು ಬದುಕಲು ನನಗೆ ಆಗುತ್ತಿರಲಿಲ್ಲ. ಪೇಟೆಯ ಕಡೆಯಿಂದ ಹಳೇ ಸಾಮಾನಿನವನು ಪಿಕಪ್ಪು ತಂದು ಎಲ್ಲವನ್ನೂ ತುಂಬಿಕೊಂಡು ಹೋದ. ಇಸ್ತ್ರಿ ಹಾಕುವ ಹೆಂಗಸಿನ ಚಿತ್ರದ ಗಾಜು ಗೇಟಿನ ಹತ್ತಿರ ಒಡೆದು ಬಿದ್ದಿತ್ತು. ಗೇಟು ಕಾಯುವ ಅಸ್ಕಾರಿ ಅದನ್ನು ಗುಡಿಸಿ ತೆಗೆದ.

ಟೀಚರು ತೀರಿಕೊಂಡ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಬಂತು. ಅಧ್ಯಕ್ಷರ ಹೆಂಡತಿ 'ಸಂಗೀತಪ್ರೇಮಿ' ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದ್ದರು. ಆ ಭಾನುವಾರ ನಾನು ಮಾಮಾ ಅವರ ಚರ್ಚನ್ನು ಹುಡುಕಿಕೊಂಡು ಹೋದೆ. ನೇರಳೆ ಅಂಗಿಯವರ ಮುಖಂಡ ನನ್ನ ಮಾತು ಸಮಾಧಾನದಿಂದ ಕೇಳಿ, "ಅವರ ಹೆಸರೇನು?" ಎಂದ. ನನಗೆ ಗೊತ್ತಿರಲಿಲ್ಲ. ಸುಮಾರು ಒಂದು ವರ್ಷ ಒಂದೇ ಕೋಣೆಯಲ್ಲಿ ಕೂತು ಹಾಡು ಕೇಳಿದ್ದೆವು. ಒಂದು ಸಲವೂ ನಾನು ಕೇಳಿರಲಿಲ್ಲ.

ಹೋದ ವಾರ ಮಗಳಿಗೆ ಶಾಲೆಯಲ್ಲಿ ಕಪ್ಪು ಅಮೆರಿಕನ್ನರ ಸಂಗೀತ, ಚಿತ್ರಕಲೆಯ ಬಗ್ಗೆ ಬರೆಯಲು ಹೇಳಿದ್ದರು. ಅವಳಿಗೆ ಟೀಚರ ಮುಖ ನೆನಪಿಲ್ಲ. ನಾನು ಹೇಳುತ್ತಾ ಹೋದೆ. ಉಸಿರು ನಿಲ್ಲಿಸುವ ಹಾಡುಗಾರ್ತಿ, ಕೌದಿಯ ಕೆಂಪು, ಆರು ವಾರದ ಅಭ್ಯಾಸ. ಅವಳು ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಾ, ತಲೆ ಎತ್ತದೆ, ಇಂಗ್ಲಿಷಿನಲ್ಲಿ ಕೇಳಿದಳು: "ಆಮೇಲೆ ಆ ಮಾಮಾ ಸ್ಟೇಜ್ ಮೇಲೆ ಹಾಡಿದ್ರಾ?"

"ಹೂಂ," ಎಂದೆ. "ತುಂಬಾ ಚೆನ್ನಾಗಿ ಹಾಡಿದ್ರು."

ಅವಳು ಅದನ್ನೂ ಬರೆದುಕೊಂಡಳು. ಟೀಚರು ಇಲ್ಲ, ಮಾಮಾ ಎಲ್ಲಿದ್ದಾರೋ ಗೊತ್ತಿಲ್ಲ. ತಿದ್ದುವವರು ಯಾರೂ ಉಳಿದಿಲ್ಲ.