ನಾನೇ ಕೂರಿಸಿದ ಕಲ್ಲು

ಮೊಲ ಮೊಟ್ಟೆ ಇಡುವುದಿಲ್ಲ ಎಂಬುದು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕರಣಿ ಹಿಡಿದು ಗಾರೆ ಕೆಲಸಕ್ಕಿಳಿದ ನನಗೂ ಗೊತ್ತು, ಆದರೆ ಮೊಲದ ಬೊಂಬೆ ಪಕ್ಕ ಚಾಕಲೇಟು ಮೊಟ್ಟೆ ಮಾರುವ ಎಂ.ಸಿ.ಸಿ. ಬಡಾವಣೆಯ ಬೇಕರಿಯವನಿಗೆ ಗೊತ್ತಿಲ್ಲ, ನನ್ನ ಮೊಮ್ಮಗಳ ಟೀಚರಮ್ಮನಿಗಂತೂ ಗೊತ್ತೇ ಇಲ್ಲ. ಈಸ್ಟರ್ ಹತ್ತಿರ ಬಂದಾಗ ಆರು ವರ್ಷದ ರೋಸಿ ತಲೆಗೆ ಕಾಗದದ ಮೊಲದ ಕಿವಿ ಕಟ್ಟಿಕೊಂಡು, ಕೈಯಲ್ಲಿ ಚಾಕಲೇಟು ಮೊಟ್ಟೆ ಹಿಡಿದು ಶಾಲೆಯಿಂದ ಬಂದಳು. ಹಬ್ಬದ ಅರ್ಥ ಏನಂತೆ ಎಂದು ಕೇಳಿದರೆ, ಹುಡುಕಿದವರಿಗೆ ಮೊಟ್ಟೆ ಸಿಗುತ್ತೆ ಅಂದಳು. ಪಿತ್ತ ನೆತ್ತಿಗೇರಿತು.

ನೀವೇ ಹೇಳಿ ಸ್ವಾಮಿ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲವಿಡೀ ಮಾಂಸ ಬಿಟ್ಟು, ದಾವಣಗೆರೆಯ ಬಿಸಿಲಲ್ಲಿ ಗಾರೆ ಕಲಸಿ, ಶುಭ ಶುಕ್ರವಾರ ಮೊಣಕಾಲೂರಿ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸುವವನಿಗೆ ಸಿಟ್ಟು ಬರಬಾರದೆ? ಮಗ ನಕ್ಕು, ಅಷ್ಟು ಸಣ್ಣ ಹುಡುಗಿಗೆ ಇಷ್ಟು ಸಾಕು ಬಿಡಪ್ಪ ಅಂದ. ಗೋಡೆಗೆ ಬಣ್ಣ ಇದ್ದರೆ ಸಾಕು, ಪಾಯ ಬ್ಯಾಡ ಅಂದಂಗಾಯ್ತು. ಅವನ ಮೇಲೂ ರೇಗಿ, ಅರ್ಥ ನಾನೇ ಕಲಿಸುತ್ತೇನೆಂದು ಕೂತೆ.

ಚರ್ಚಿನಲ್ಲಿ ಗುರುಗಳ ಪ್ರಸಂಗ ಕೇಳಿ ಕೇಳಿ 'ಪುನರುತ್ಥಾನ' ಎಂಬ ಮಹಾಪದವನ್ನು ನಾನು ಎಲ್ಲೂ ಎಡವದೆ ಒಂದೇ ಉಸಿರಿನಲ್ಲಿ ಹೇಳಬಲ್ಲೆ. ಅರ್ಥ ಕೇಳಿದರೆ ಮಾತ್ರ ಉಸಿರು ಸಾಲದು. ಹಾಗಾಗಿ ಕಸುಬಿನ ದಾರಿ ಹಿಡಿದೆ. ಯೇಸುವಿನ ಸಮಾಧಿಗೆ ಎಂಥ ಬಂಡೆ ಮುಚ್ಚಿದ್ದರು, ಮೂರನೆಯ ದಿನ ಬೆಳಗ್ಗೆ ಹೆಂಗಸರು ಬಂದು ನೋಡಿದರೆ ಅದು ಹೇಗೆ ಪಕ್ಕಕ್ಕೆ ಉರುಳಿತ್ತು, ಒಳಗೆ ಆತ ಹೇಗೆ ಇರಲಿಲ್ಲ ಎಂದು ವರ್ಣಿಸಿ, ಸತ್ತ ನಮ್ಮವರೂ ಹಂಗೇ ಒಂದಿನ ಏಳುತ್ತಾರೆ ಅಂತ ಮುಗಿಸಿದೆ. ಹುಡುಗಿ ಕಾಗದದ ಕಿವಿ ಬಿಚ್ಚಿಟ್ಟು ಕೇಳಿದಳು. ಟೀಚರಮ್ಮನನ್ನು ಸೋಲಿಸಿದೆನೆಂದು ಹಿಗ್ಗಿದೆ.

ಆ ಹಿಗ್ಗಿನ ಆಯುಷ್ಯ ಭಾನುವಾರದವರೆಗೆ. ಹರಿಹರದ ಚರ್ಚಿನಲ್ಲಿ ಹಬ್ಬದ ಪೂಜೆ ಮುಗಿಸಿಕೊಂಡು, ಹೋದ ಮಳೆಗಾಲದಲ್ಲಿ ತೀರಿಕೊಂಡ ನನ್ನ ಹೆಂಡತಿ ಫಿಲೋಮಿನಾಳ ಸಮಾಧಿಗೆ ಹೂವಿಡಲು ಹೋದೆವು. ಅದನ್ನು ಕಟ್ಟಿದ್ದು ನಾನೇ. ನಿಜಲಿಂಗಪ್ಪ ಬಡಾವಣೆಯ ಯಾವ ಸಾಹುಕಾರರ ಮನೆಗೂ ಹಾಕದಷ್ಟು ಸಿಮೆಂಟು ಹಾಕಿ, ಕಪ್ಪು ಚಪ್ಪಡಿ ಕೂರಿಸಿ, ಇರುವೆಯೂ ನುಸುಳದಂತೆ ಸಂದು ಮುಚ್ಚಿದ್ದೆ. ಮೇಸ್ತ್ರಿ ಕೆಲಸ ಅಂದರೆ ಇದು ಎಂದು ಜನ ತಲೆದೂಗಿದ್ದರು. ಅಜ್ಜಿಯ ಸೆರಗು ಹಿಡಿಯದೆ ಎಂದೂ ಮಲಗದಿದ್ದ ರೋಸಿ ಮಾತ್ರ ಹೂವಿಡಲಿಲ್ಲ. ಎರಡೂ ಕೈಯಿಂದ ಚಪ್ಪಡಿಯನ್ನು ನೂಕಿದಳು. ಅದು ಅಲುಗೀತು ಹೇಗೆ?

"ಅಜ್ಜ, ಇಷ್ಟೊಂದು ಸಿಮೆಂಟ್ ಯಾಕ ಹಾಕಿದಿ? ಅಜ್ಜಿ ಹೆಂಗೆ ಏಳ್ತಾಳೆ?"

ಆಗ ಬಂದ ಸಿಟ್ಟಿನ ಮುಂದೆ ಮೊಲದ ಮೇಲಿನ ಸಿಟ್ಟು ಏನೇನೂ ಅಲ್ಲ. ಕಲ್ಲಿನ ಮೇಲೆ ಸಿಟ್ಟು, ಕೂರಿಸಿದ ಕೈಯ ಮೇಲೆ ಸಿಟ್ಟು, ಕಡೆಗೆ ದೇವರ ಮೇಲೂ: ನಿನ್ನ ಮಗ ಮೂರೇ ದಿನಕ್ಕೆ ಎದ್ದ, ನಮ್ಮವಳು ಎಷ್ಟು ಕಾಲ ಹಿಂಗೇ ಮಲಗಿರಬೇಕು? ಟೀಚರಮ್ಮನೇ ಜಾಣೆ ಅನ್ನಿಸಿತು. ಆಕೆ ಹೇಳಿದ ಮೊಟ್ಟೆಯಾದರೂ ಹುಡುಕಿದವರಿಗೆ ಸಿಕ್ಕಿತ್ತಲ್ಲ.

ಮಗುವನ್ನು ಗದರಿಸಬಹುದಿತ್ತು, ಅದು ನನಗೆ ಕರಗತವಾದ ವಿದ್ಯೆ. ಆದರೆ ಪಕ್ಕದಲ್ಲಿ ಕೂತು, ಇದನ್ನ ಸರಿಸೋದು ನಮ್ಮ ಕೈಲಾಗಲ್ಲವ್ವ, ಸರಿಸುವವನು ಬೇರೆ ಇದ್ದಾನೆ, ಯಾವತ್ತು ಬರುತ್ತಾನೋ ನನಗೆ ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಎಂಬ ಮಾತನ್ನು ಯಾವ ಇಂಜಿನಿಯರ್ ಮುಂದೆಯೂ ಆಡಿದವನಲ್ಲ ನಾನು.

ರೋಸಿ ಚಪ್ಪಡಿಯ ಸಂದಿನ ಸಿಮೆಂಟನ್ನು ಉಗುರಿನಿಂದ ಕೆರೆದು ನೋಡಿದಳು. "ಹಂಗಾದ್ರೆ ಅವನು ಬಂದಾಗ ನೀನೂ ಒಂದು ಕೈ ಹಾಕ್ಬೇಕು. ಗಟ್ಟಿ ಮಾಡಿದ್ದು ನೀನೇ ಅಲ್ಲೇನು?"

ಆಗಲಿ ಅಂದೆ. ಆಮೇಲೆ ಅವಳು ಹೂವಿಟ್ಟಳು.

ಗೇಟಿನ ಹತ್ತಿರ ಮಗನನ್ನು ಪಕ್ಕಕ್ಕೆ ಕರೆದು, ನಾನು ಸತ್ತಾಗ ನನ್ನ ಕಲ್ಲಿಗೆ ಸಿಮೆಂಟು ಹಾಕಬ್ಯಾಡ, ಬರೀ ಮರಳಿನ ಮೇಲೆ ಕೂರಿಸು ಎಂದೆ. ಹಬ್ಬದ ದಿನ ಎಂಥಾ ಮಾತಪ್ಪ ಅಂತ ಮುಖ ಸಿಂಡರಿಸಿದ. ಮತ್ತೆ ಸಿಟ್ಟು ಬಂತು.

"ಹೇಳಿದಷ್ಟು ಮಾಡಲೇ. ಎದ್ದ ಕೂಡ್ಲೇ ನನಗೆ ಕೆಲಸ ಐತೆ."