ಕಂತಿಗೊಂದು ಜೊತೆ

ಫೋನ್ ಬಂದ ಕೂಡಲೇ ಎತ್ತಿಕೊಂಡು ಮಾತಾಡುವ ಜನರನ್ನು ಕಂಡರೆ ನನಗೆ ಒಂದು ಕಾಲದಲ್ಲಿ ತುಂಬ ಗೌರವವಿತ್ತು. ನಾನಂತೂ ಫೋನನ್ನು ಬೋರಲು ಹಾಕುತ್ತಿದ್ದೆ. ಅದು ಮೇಜಿನ ಮೇಲೆ ಗುಂಯ್‌ಗುಟ್ಟುತ್ತ, ತಾನೇ ಒಂದಿಷ್ಟು ದೂರ ತೆವಳಿ, ಬೇಸತ್ತು ಸುಮ್ಮನಾಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ವಿಚಾರಿಸಿದರೆ "ಕಂಪನಿಯವರು" ಎನ್ನುತ್ತಿದ್ದೆ. ಅದೇನೂ ಸುಳ್ಳಲ್ಲ. ಫೈನಾನ್ಸ್ ಕಂಪನಿಯವರು.

ನಾನು ಹೊಸಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹಳಗನ್ನಡ ಕಲಿಸುವವನನ್ನು ನಂಬಿ ಸಾಲ ಕೊಡುವವರು ಇದ್ದಾರೆಂಬುದು ನನಗೇ ಗೊತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ವಿಚಾರ ಹೊಳೆಯಿತು. ಜಗತ್ತಿನ ಜನವೆಲ್ಲ ಹಂಪಿ ನೋಡಲು ಬರುತ್ತಾರೆ. ಬಂದವರು ಎಲ್ಲಾದರೂ ಸ್ನಾನ ಮಾಡಲೇಬೇಕು. ಅದನ್ನು ನಮ್ಮ ಮನೆಯಲ್ಲೇ ಏಕೆ ಮಾಡಬಾರದು? ಹೀಗೆಂದುಕೊಂಡು ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿದೆ. ಗೀಜರ್ ಹಾಕಿಸಿದೆ, ಏಸಿ ಕೂಡಿಸಿದೆ, ಕಲ್ಲಿನ ರಥದ ಚಿತ್ರ ತೂಗುಹಾಕಿದೆ. ಹೊರಗೆ "ಅತಿಥಿ ನಿವಾಸ" ಎಂದು ಫಲಕ ಬರೆಸಿದೆ. ಅಕ್ಷರ ದುಂಡಗೆ ಬಂದಿದ್ದವು.

ಪಕ್ಕದ ಮನೆಯ ಬಸವರಾಜನಿಗೆ ಮೋಟರ್ ವೈಂಡಿಂಗ್ ಅಂಗಡಿ ಇದೆ. ಅವನು ಫಲಕ ನೋಡಿ, "ಸರ, ನಿಮ್ಮ ಗಿರಾಕಿ ಹಂಪಿಗೆ ನಡಕೊಂತ ಹೋಗ್ತಾರೇನ್ರಿ?" ಎಂದು ಕೇಳಿದ. ಆ ಪ್ರಶ್ನೆಗೆ ತಾನೇ ಉತ್ತರವಾಗಿ ಏಳು ಸೀಟಿನ ಬಿಳಿ ಕಾರೊಂದನ್ನು ಸಾಲದ ಮೇಲೆ ತಂದು ನಿಲ್ಲಿಸಿದ. ಇಬ್ಬರಿಗೂ ಒಂದೇ ಕಂಪನಿ. ಅವನ ಅರ್ಜಿಯಲ್ಲಿ ಪರಿಚಯದವನೆಂದು ನನ್ನ ನಂಬರು, ನನ್ನ ಅರ್ಜಿಯಲ್ಲಿ ಅವನದು.

ಜಗತ್ತಿನ ಜನ ಬಂದರು. ದುಡ್ಡಿದ್ದವರು ದೊಡ್ಡ ಹೋಟೆಲಿಗೆ ಹೋದರು, ಇಲ್ಲದವರು ಹಂಪಿಯಲ್ಲೇ ಉಳಿದರು, ಇಬ್ಬರ ನಡುವಿನವರು ನಮ್ಮ ನೆಂಟರಾಗಿದ್ದರು. ಪುಣೆಯ ದಂಪತಿ ಮಾತ್ರ ಒಮ್ಮೆ ಬಂದು ದುಡ್ಡು ಕೊಟ್ಟು ಉಳಿದರು. ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೇಳಿದರು. ಕಾಣುತ್ತಿದ್ದದ್ದು ಬಸವರಾಜನ ಕಾರು. ಆದರೂ ಬಸವರಾಜ ಸಿಕ್ಕು "ಹೆಂಗೈತ್ರಿ ಸರ ಬಿಸಿನೆಸ್ಸು?" ಎಂದಾಗೆಲ್ಲ ನಾನು "ಮಸ್ತ್ ಐತಿ" ಎನ್ನುತ್ತಿದ್ದೆ. ನಾನು ಕೇಳಿದರೆ ಅವನು "ಪುರಸೊತ್ತಿಲ್ರಿ" ಎನ್ನುತ್ತಿದ್ದ. ಅವನಿಗೆ ಪುರಸೊತ್ತಿಲ್ಲವೆಂದ ಮೇಲೆ ನನಗೂ ಗಿರಾಕಿ ಬಂದೇ ಬರುತ್ತಾರೆಂದು ನಾನು ಧೈರ್ಯವಾಗಿರುತ್ತಿದ್ದೆ. ನನ್ನ ಮಾತು ಕೇಳಿ ಅವನೂ ಹಾಗೇ ಇದ್ದನಂತೆ.

ಕಂತು ಎಂಬ ಪದವನ್ನು ನಾನು ಬಹಳ ವರ್ಷ ಪಾಠದಲ್ಲಿ ಮಾತ್ರ ಬಳಸಿದವನು. ಕಾವ್ಯದಲ್ಲಿ ಕಂತು ಎಂದರೆ ಮನ್ಮಥ. ಆಡುಮಾತಿನಲ್ಲಿ ಕಂತುವುದೆಂದರೆ ಮುಳುಗುವುದು. ಹೊತ್ತು ಕಂತಿತು ಎನ್ನುತ್ತೇವಲ್ಲ, ಹಾಗೆ. ಬ್ಯಾಂಕಿನಲ್ಲಿ ಅದು ತಿಂಗಳ ಪಾವತಿ. ಆಸೆಯನ್ನೂ ಮುಳುಗಡೆಯನ್ನೂ ಪಾವತಿಯನ್ನೂ ಒಂದೇ ಪದದಲ್ಲಿ ಕಟ್ಟಿಕೊಟ್ಟ ಕನ್ನಡದ ಬಗ್ಗೆ ಹೆಮ್ಮೆ ಪಡುವಷ್ಟು ನೆಮ್ಮದಿ ಆಗ ನನಗಿರಲಿಲ್ಲ. ಶಿವನು ಕಂತುವನ್ನು ಸುಟ್ಟದ್ದು ಹಂಪಿಯ ಹೇಮಕೂಟದ ಮೇಲೆ ಎಂದು ನಮ್ಮ ಕಡೆ ನಂಬಿಕೆ. ಒಂದೇ ನೋಟಕ್ಕೆ ಮುಗಿಸಿದನಂತೆ. ಅವನಿಗೆ ಹಣೆಗಣ್ಣಿತ್ತು. ನಾನು ತಿಂಗಳು ತಿಂಗಳೂ ಹೋಗಿ ಕಟ್ಟಬೇಕಾಗಿತ್ತು.

ಕಟ್ಟಲಾಗದ ತಿಂಗಳುಗಳೂ ಬಂದವು. ಹೆಂಡತಿ ಅನ್ನಪೂರ್ಣಳ ಬಳೆ ಕೈಯಿಂದ ಇಳಿದವು. ಯಾರಾದರೂ ಕೇಳಿದರೆ ಅವಳು "ಬ್ಯಾಂಕಿನ್ಯಾಗ ಅದಾವ" ಎನ್ನುತ್ತಿದ್ದಳು. ಅದೂ ಸುಳ್ಳಲ್ಲ. ನಮ್ಮ ಮನೆಯಲ್ಲಿ ಆಗ ಎಲ್ಲರೂ ಸತ್ಯವನ್ನೇ ಆಡುತ್ತಿದ್ದೆವು, ಆದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಉತ್ಸಾಹ ಬರಲಿ ಎಂದು ಮೊಬೈಲಿನಲ್ಲಿ ಭಾಷಣ ಕೇಳಿದೆ. ದೊಡ್ಡ ಕಾರಿಗೆ ಒರಗಿ ನಿಂತವನೊಬ್ಬ ಸರಳವಾಗಿ ಬದುಕಬೇಕೆಂದು ಹೇಳಿದ. ಸಂಡೂರಿನಲ್ಲಿರುವ ನನ್ನ ಭಾವನ ಮುಂದೆ ಹೇಳಿಕೊಂಡೆ. ಅವರು ಅರ್ಧ ದಿನ ಬುದ್ಧಿ ಹೇಳಿ, ಊಟ ಹಾಕಿಸಿ, "ಧೈರ್ಯವಾಗಿರು" ಎಂದು ಬಸ್ಸು ಹತ್ತಿಸಿದರು. ಬಸ್ಸು ಇಳಿದಾಗ ಬುದ್ಧಿ ಇತ್ತು, ಧೈರ್ಯ ಇರಲಿಲ್ಲ.

ಹೀಗಿರುವಾಗ ಒಂದು ಸಂಜೆ ಯಾರೋ ವಿದ್ಯಾರ್ಥಿಯ ತಂದೆ ಇರಬೇಕೆಂದು ಹೊಸ ನಂಬರಿನ ಫೋನೊಂದನ್ನು ಎತ್ತಿಬಿಟ್ಟೆ. ಕಂಪನಿಯ ಬೆಂಗಳೂರು ಕಚೇರಿಯ ಹುಡುಗಿ, ಬಹಳ ಮರ್ಯಾದೆಯ ದನಿ.

"ಸರ್, ಬಸವರಾಜ್ ಅನ್ನೋರು ನಿಮಗೆ ಪರಿಚಯ ಅಲ್ವಾ? ಅವರ ಕಂತು ಬಾಕಿ ಇದೆ. ಫೋನೇ ಎತ್ತುತ್ತಾ ಇಲ್ಲ."

ಬಸವರಾಜ ಕಿಟಕಿಯಾಚೆ ಕಾರು ಒರೆಸುತ್ತಿದ್ದ. ನನ್ನ ಬಾಯಿಂದ ತಾನಾಗಿ ಮಾತು ಬಂತು.

"ಊರಾಗಿಲ್ಲಮ್ಮ. ದರೋಜಿಗೆ ಹೋಗ್ಯಾರ, ಕರಡಿ ನೋಡಾಕ."

"ಯಾವಾಗ ಬರ್ತಾರೆ ಸರ್?"

"ಕರಡಿ ಯಾವಾಗ ಬರ್ತಾವ ನೋಡ್ಬೇಕು."

ಹುಡುಗಿ ಕೀಬೋರ್ಡು ಕುಟ್ಟುವುದು ಕೇಳಿಸಿತು. ಆಮೇಲೆ, "ಸರ್, ಹೋದ ವಾರ ಬೇರೆ ನಂಬರಿಂದ ಮಾಡಿ ನಿಮ್ಮ ಕಂತಿನ ಬಗ್ಗೆ ಅವರನ್ನ ಕೇಳಿದ್ವಿ. ನೀವು ಕಂಪ್ಲಿಗೆ ಹೋಗಿದ್ದೀರಿ ಅಂದಿದ್ರು" ಎಂದಳು.

ನಾನು ಹೊರಗೆ ಹೋದೆ. "ಬಸವರಾಜಣ್ಣ, ಹೋದ ವಾರ ನಾನು ಕಂಪ್ಲಿಗೆ ಯಾಕ ಹೋಗಿದ್ದೆ?"

ಒರೆಸುತ್ತಿದ್ದ ಕೈ ನಿಂತಿತು. "ನಿಮ್ಮ ದೊಡ್ಡಪ್ಪಗ ಆರಾಮಿಲ್ಲಂತ."

"ನನಗ ದೊಡ್ಡಪ್ಪ ಇಲ್ಲ."

"ಹಂಗಾರ ಚಲೋ ಆತು ಬಿಡ್ರಿ. ಯಾರಿಗೂ ಏನೂ ಆಗಿಲ್ಲ."

"ನೀವು ದರೋಜಿಗೆ ಹೋಗೀರಿ. ಕರಡಿ ನೋಡಾಕ."

"ಯಾವಾಗ ಬರ್ತೀನಿ?"

"ಅದನ್ನ ಹೇಳಿಲ್ಲ."

ಬಸವರಾಜ ಮೆಟ್ಟಿಲ ಮೇಲೆ ಕುಳಿತು ನಕ್ಕ. ನಾನೂ ಕುಳಿತು ನಕ್ಕೆ. ಬಹಳ ಹೊತ್ತು ನಕ್ಕೆವು. ನೋಡಿದರೆ ಅವನು ಆಗಲೇ ನಗು ನಿಲ್ಲಿಸಿ, ಕಾರು ಒರೆಸುವ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. "ಸರ, ಒಂದ್ ವರ್ಷದಿಂದ ನಿದ್ದಿ ಇಲ್ಲ" ಎಂದ. ನನಗೂ ಇರಲಿಲ್ಲ. ಒಂದು ಗೋಡೆಯ ಆಚೆ ಈಚೆ ಇಬ್ಬರೂ ಎಚ್ಚರವಾಗಿದ್ದೆವು. ಕರೆದಿದ್ದರೆ ಕೇಳಿಸುತ್ತಿತ್ತು.

ಸದ್ದಿಗೆ ಹೆಂಗಸರು ಹೊರಬಂದರು. ಬಸವರಾಜನ ಹೆಂಡತಿ ಗಿರಿಜಾ ವಿಷಯ ಕೇಳಿ, "ಅಕ್ಕಾರ, ನಿಮ್ಮ ರೂಮು ಯಾವಾಗ್ಲೂ ಫುಲ್ ಅಂತ ಹೇಳ್ತಿದ್ರು ನಮ್ಮನಿಯವ್ರು" ಎಂದಳು. ಅನ್ನಪೂರ್ಣ, "ನಿಮ್ಮ ಕಾರು ಮನಿ ಮುಂದ ನಿಲ್ಲಂಗೇ ಇಲ್ಲ ಅಂತ ಹೇಳ್ತಿದ್ರು ಇವ್ರು" ಎಂದಳು. ಕಾರು ಅವರಿಬ್ಬರ ನಡುವೆಯೇ ನಿಂತಿತ್ತು. ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮುಂದಿನ ಮಾತು ಒಳಗೆ ತಿಂಡಿಯ ಜೊತೆ ನಡೆಯಲೆಂದು ನಾವಿಬ್ಬರೂ ಮಿರ್ಚಿ ಭಜಿ ತರಲು ಎದ್ದೆವು. "ಬ್ಯಾಡ, ಕುಂದ್ರಿ. ಮನ್ಯಾಗ ಅವಲಕ್ಕಿ ಐತಿ" ಎಂದಳು ಅನ್ನಪೂರ್ಣ. ನಮ್ಮ ಆರ್ಥಿಕ ಸುಧಾರಣೆ ಆ ಅವಲಕ್ಕಿಯಿಂದ ಶುರುವಾಯಿತು.

ಹೆಂಗಸರು ಹಾಕಿದ ನಿಯಮ ಸರಳವಾಗಿತ್ತು. ಏನೇ ಕೊಳ್ಳುವುದಿದ್ದರೂ ಮೊದಲು ಪಕ್ಕದ ಮನೆಗೆ ಹೇಳಬೇಕು. ಕಂತು ಕಟ್ಟುವ ದಿನ ಗಂಡಸರಿಬ್ಬರೂ ಜೊತೆಗೆ ಹೋಗಿ ಕಟ್ಟಿಬರಬೇಕು. ನಾನು ಪುಸ್ತಕಕ್ಕೊಂದು ಕಪಾಟು ಬೇಕೆಂದೆ. ಬಸವರಾಜ ಬಂದು ಗೋಡೆಗೊರಗಿದ ಪುಸ್ತಕಗಳನ್ನು ಪರೀಕ್ಷಿಸಿ, "ನಿಂತಾವಲ್ರಿ" ಎಂದು ಹೊರಟುಹೋದ. ಅವನು ಕಾರಿನ ಸೀಟಿಗೆ ಹೊಸ ಕವರು ಬೇಕೆಂದ. "ಅದರಾಗ ಕುಂದ್ರೋರು ಯಾರು?" ಎಂದು ಕೇಳಿದೆ. ಕೇಳಬಾರದಿತ್ತು. ಕೆಲವು ದಿನ ಅವನು ನನ್ನೊಡನೆ ಮಾತಾಡಲಿಲ್ಲ. ಆ ತಿಂಗಳ ಕಂತಿಗೂ ಜೊತೆಯಾಗಿಯೇ ಹೋದೆವು, ರಸ್ತೆಯ ಒಂದೊಂದು ಬದಿಯಲ್ಲಿ.

ಅಷ್ಟರಲ್ಲಿ ಅನ್ನಪೂರ್ಣ ಮೇಲಿನ ಕೋಣೆಗಳನ್ನು ಆಸ್ಪತ್ರೆಯ ಇಬ್ಬರು ನರ್ಸುಗಳಿಗೆ ಬಾಡಿಗೆಗೆ ಕೊಟ್ಟಳು. ನಾನು ಆಕ್ಷೇಪಿಸಿದೆ. ಹಂಪಿಗೆ ಬರುವ ಜಗತ್ತು ಬಾಗಿಲಿಗೆ ಬಂದು ಹಿಂತಿರುಗಿದರೆ ಏನು ಗತಿ ಎಂದೆ. "ಬಂದ್ರ ಚಾ ಕೊಟ್ಟು ಕಳಸೂಣು" ಎಂದಳು. ನರ್ಸುಗಳು ತಿಂಗಳ ಮೊದಲ ದಿನವೇ ಬಾಡಿಗೆ ಕೊಡುತ್ತಾರೆ. ಕಿಟಕಿಯಿಂದ ಏನು ಕಾಣುತ್ತದೆಂದು ಕೇಳುವುದಿಲ್ಲ. ನನ್ನ ಫಲಕ ಈಗ ನೀರಿನ ತೊಟ್ಟಿಯ ಮುಚ್ಚಳವಾಗಿದೆ. ಅಳತೆಗೆ ಸರಿಯಾಗಿ ಕೂತಿತು.

ಆಮೇಲೊಂದು ದಿನ ಬಸವರಾಜ ತಾನಾಗಿ ಬಂದ. ಕುರೆಕುಪ್ಪದಲ್ಲಿ ಫ್ಯಾಕ್ಟರಿ ಕೆಲಸಗಾರರನ್ನು ಕರೆದೊಯ್ಯುವ ಗುತ್ತಿಗೆದಾರನೊಬ್ಬನಿಗೆ ಕಾರು ಬೇಕಂತೆ. ಕಂಪನಿಯ ಬಾಕಿಯನ್ನು ತಾನೇ ತೀರಿಸಿ, ಮೇಲೆ ಒಂದಿಷ್ಟು ಕೊಡುತ್ತಾನಂತೆ. "ಸರ, ನೀವೂ ಬರ್ರಿ" ಎಂದ. "ಒಬ್ಬನ ಹೋದ್ರ ಅದರಾಗ ತಿರುಗಿ ಬಂದ್ಬಿಡ್ತೀನಿ."

ಹೋದೆವು. ಅಷ್ಟು ನಿಧಾನವಾಗಿ ಹೋಗುವ ಕಾರನ್ನು ನಾನು ನೋಡಿಲ್ಲ. ಗಾದಿಗನೂರಿನ ಹತ್ತಿರ ನಿಲ್ಲಿಸಿ, ಸ್ವಚ್ಛವಾಗಿಯೇ ಇದ್ದ ಗಾಜನ್ನು ಮತ್ತೆ ಒರೆಸಿದ. ಕುರೆಕುಪ್ಪದಲ್ಲಿ ಗುತ್ತಿಗೆದಾರ ಟೈರು ಒದ್ದು ನೋಡಿದಾಗ ಬಸವರಾಜನ ಕಾಲು ತಾನಾಗಿ ಹಿಂದೆ ಸರಿಯಿತು. ಕಾಗದಪತ್ರ ಮುಗಿಯಿತು. ಕೀಲಿ ಕೊಟ್ಟ. ಕೊಟ್ಟವನು "ಒಂದ್ ನಿಮಿಷ್ರಿ" ಎಂದು ಮತ್ತೆ ಇಸಿದುಕೊಂಡು ಒಳಗೆ ಹೋಗಿ ಕುಳಿತು ಬಾಗಿಲು ಹಾಕಿಕೊಂಡ. ನಾನು ಹೊರಗೆ ನಿಂತೆ. ಗುತ್ತಿಗೆದಾರ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಬಸವರಾಜ ಹೊರಬಂದ. ಕಣ್ಣು ಕೆಂಪಾಗಿದ್ದವು. "ನೀವು ಉದ್ದ ಅದೀರಿ. ಸೀಟು ಹಿಂದಕ್ಕ ಸರಿಸೀನಿ" ಎಂದು ಗುತ್ತಿಗೆದಾರನಿಗೆ ಹೇಳಿದ.

ವಾಪಸು ಬಸ್ಸಿನಲ್ಲಿ ಬಂದೆವು. ಹಿಂದಿನಿಂದ ಕಾರೊಂದು ಹಾರ್ನ್ ಹೊಡೆದು ದಾಟಿ ಹೋಯಿತು. ಬಸವರಾಜ ಅದನ್ನು ಕಣ್ಮರೆಯಾಗುವವರೆಗೆ ನೋಡಿ, "ಪಾಪ, ಎಷ್ಟು ಬಾಕಿ ಐತೋ ಏನೋ" ಎಂದ. ಮನೆಗೆ ಬಂದರೆ, ಕಾರು ನಿಲ್ಲುತ್ತಿದ್ದ ಜಾಗವನ್ನು ಗಿರಿಜಾ ತೊಳೆದು ರಂಗೋಲಿ ಹಾಕಿದ್ದಳು. ಜಾಗ ದೊಡ್ಡದಾದ್ದರಿಂದ ರಂಗೋಲಿಯೂ ದೊಡ್ಡದಾಗಿತ್ತು. ಅದನ್ನು ತುಳಿಯದೆ ಒಳಗೆ ಹೋಗುವುದು ಹೇಗೆಂದು ಬಸವರಾಜ ಬಹಳ ಹೊತ್ತು ನಿಂತು ಯೋಚಿಸಿದ.

ಅವನ ಸಾಲ ತೀರಿತು. ನನ್ನದು ಇನ್ನೂ ಇದೆ, ಸಣ್ಣದಾಗುತ್ತಿದೆ. ಮುಂದಿನ ಕಂತಿನ ದಿನ ನಾನೊಬ್ಬನೇ ಹೊರಟರೆ ಬಸವರಾಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ.

"ನಿಮ್ಮದು ಮುಗೀತಲ್ಲ ಬಸವರಾಜಣ್ಣ, ಯಾಕ ಬರ್ತೀರಿ?"

"ನಿಮ್ಮನ್ನ ಒಬ್ಬರನ್ನ ಬಿಟ್ರ ದಾರ್ಯಾಗ ಏನರ ಕೊಂಡ್ಕೊಂಡು ಬರ್ತೀರಿ" ಎಂದ.

ಕಚೇರಿಯ ಕೌಂಟರಿನಲ್ಲಿದ್ದಾತ ಅವನನ್ನು ನೋಡಿ ಖುಷಿಯಾದ. "ಏನ್ರಿ, ಹೊಸ ಲೋನ್ ಬೇಕೇನ್ರಿ?" ಎಂದ. ಗೋಡೆಯ ಮೇಲೆ ಹೊಸ ಕಾರಿನ ಚಿತ್ರವಿತ್ತು. ಬಸವರಾಜ ಅದನ್ನು ನೋಡಿದ. ನನಗೆ ಭಯವಾಗುವಷ್ಟು ಹೊತ್ತು ನೋಡಿದ.

"ಬ್ಯಾಡ್ರಿ" ಎಂದ ಕೊನೆಗೆ. "ನಾನು ಇವರ ಜೋಡಿ ಬಂದೀನಿ."

ಬೆಂಚಿನ ತುದಿಯಲ್ಲಿ ಅಪರಿಚಿತನೊಬ್ಬ ನೋಟುಗಳನ್ನು ಮುಷ್ಟಿಯಲ್ಲಿ ಹಿಡಿದು, ಯಾರನ್ನೂ ನೋಡದೆ ಕುಳಿತಿದ್ದ. ಆ ಕೂರುವ ರೀತಿ ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಬಸವರಾಜ ಅವನ ಪಕ್ಕಕ್ಕೆ ಸರಿದು ಕೂತ.

"ನಿಮ್ಮ ಜೋಡಿ ಯಾರೂ ಬಂದಿಲ್ಲೇನ್ರಿ?"

ಆತ ಇಲ್ಲವೆಂದು ತಲೆಯಾಡಿಸಿದ. ಅವನ ಸರದಿ ಮುಗಿಯುವವರೆಗೂ ನಾವು ಕಾದೆವು. ಆಮೇಲೆ ಹೊರಗೆ ಬಂದು ಮೂವರಿಗೂ ಸೇರಿ ಎರಡು ಚಾ ಹೇಳಿದೆವು. ಚಾದ ಅಂಗಡಿಯವನು ನಮ್ಮ ಮುಖ ನೋಡಿ, ಏನೂ ಕೇಳದೆ ಮೂರು ಕಪ್ಪು ತೊಳೆದ.